ಕಿಲ್ಡಾಲ್ ಬರೆದ ಹದಿಮೂರು ಪುಟ

ಗೇಟ್ ಪರೀಕ್ಷೆಗೆ ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಒಮ್ಮೆ ಸಿಲೆಬಸ್ ತೆಗೆದು ಕಂಪೈಲರ್ ಡಿಸೈನ್ ಭಾಗದ ಕೊನೆಯ ಸಾಲನ್ನು ನೋಡಿ. ಡೇಟಾ ಫ್ಲೋ ಅನಾಲಿಸಿಸ್ ಎಂದು ಬರೆದು ಅದರ ಮುಂದೆ ಮೂರು ಹೆಸರು ಕೊಟ್ಟಿದ್ದಾರೆ: ಕಾನ್‌ಸ್ಟಂಟ್ ಪ್ರಾಪಗೇಶನ್, ಲೈವ್‌ನೆಸ್ ಅನಾಲಿಸಿಸ್, ಕಾಮನ್ ಸಬ್‌ಎಕ್ಸ್‌ಪ್ರೆಶನ್ ಎಲಿಮಿನೇಶನ್. ನಮ್ಮ ಕ್ಲಾಸಿನಲ್ಲಿ ಲೆಕ್ಸರ್, ಪಾರ್ಸರ್ ಮುಗಿಯುವಷ್ಟರಲ್ಲಿ ಸೆಮಿಸ್ಟರೇ ಮುಗಿದುಹೋಗಿತ್ತು. ಈ ಅಧ್ಯಾಯ ನೀವೇ ಓದಿಕೊಳ್ಳಿ ಎಂದರು. ನಾವ್ಯಾರೂ ಓದಲಿಲ್ಲ. ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಸರಿಯಾಗಿ ಅದೇ ಅಧ್ಯಾಯದಿಂದ ಪ್ರಶ್ನೆ ಬಂದಾಗ ನನ್ನ ಬಾಯಿ ಕಟ್ಟಿತು. ಮನೆಗೆ ಬಂದು ಹಟಕ್ಕೆ ಬಿದ್ದು ಓದಲು ಕೂತಾಗ ಗೊತ್ತಾಯಿತು, ಈ ಮೂರೂ 1973ರಲ್ಲಿ ಪ್ರಕಟವಾದ ಒಂದೇ ಪ್ರಬಂಧದಲ್ಲಿ, ಒಂದೇ ವಿಧಾನದ ಬೇರೆ ಬೇರೆ ಉದಾಹರಣೆಗಳಾಗಿ ಒಟ್ಟಿಗೆ ಬಂದಿವೆ ಎಂದು. ಬರೆದವರು ಗ್ಯಾರಿ ಕಿಲ್ಡಾಲ್.

ಈ ಹೆಸರನ್ನು ನೀವು ಬೇರೆ ಕಡೆ ಕೇಳಿರಬಹುದು. ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ, ಯೂಟ್ಯೂಬ್ ಭಾಷಣಗಳಲ್ಲಿ ಇವರದೊಂದು ಕಥೆ ಓಡಾಡುತ್ತಿರುತ್ತದೆ. ಐಬಿಎಂ ಕಂಪನಿಯೇ ಬಾಗಿಲಿಗೆ ಬಂದಾಗ ವಿಮಾನ ಹಾರಿಸಲು ಹೋದವರು, ಬಿಲ್ ಗೇಟ್ಸ್ ಆಗುವ ಅವಕಾಶವನ್ನು ಒಂದೇ ದಿನದಲ್ಲಿ ಕೈಚೆಲ್ಲಿದವರು ಅಂತ. ಆ ಕಥೆಗೆ ಆಮೇಲೆ ಬರೋಣ. ಅದಕ್ಕೆ ಮೊದಲು ಅವರು ಬರೆದ ಹದಿಮೂರು ಪುಟಗಳಲ್ಲಿ ಏನಿತ್ತು ಎಂಬುದು ನನಗೆ ಮುಖ್ಯ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ನಾರ್ವೆ ಮೂಲದ ಮನೆತನ. ಹಡಗಿನವರಿಗೆ ದಿಕ್ಕು, ದೂರ ಲೆಕ್ಕ ಹಾಕುವುದನ್ನು ಕಲಿಸುವ ನೌಕಾಯಾನ ಶಾಲೆಯೊಂದನ್ನು ಮನೆಯವರೇ ನಡೆಸುತ್ತಿದ್ದರು. ನಕ್ಷತ್ರ ನೋಡಿ ಹಡಗು ಎಲ್ಲಿದೆ ಎಂದು ಕಂಡುಹಿಡಿಯಲು ಉದ್ದುದ್ದ ಕೋಷ್ಟಕ, ತ್ರಿಕೋನಮಿತಿ ಎಲ್ಲ ಬೇಕಾಗುತ್ತಿತ್ತು. ಹಿಡಿಕೆ ತಿರುಗಿಸಿದರೆ ಉತ್ತರ ಹೇಳುವ ಯಂತ್ರವೊಂದು ಇದ್ದಿದ್ದರೆ ಎಂದು ತಂದೆ ಕನಸು ಕಾಣುತ್ತಿದ್ದರು. ಮಗ ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕಂಪ್ಯೂಟರ್ ಕಣ್ಣಿಗೆ ಬಿತ್ತು. ಗಣಿತದ ಮೇಷ್ಟ್ರ ಕೆಲಸ ಅಲ್ಲಿಗೆ ಮರೆತುಹೋಯಿತು.

ಆ ವಿಶ್ವವಿದ್ಯಾಲಯದಲ್ಲಿ ಬರೋಸ್ ಬಿ5500 ಎಂಬ ದೊಡ್ಡ ಯಂತ್ರವಿತ್ತು, ಅದರ ಆಲ್ಗಾಲ್ ಕಂಪೈಲರ್ ಬಹಳ ಚೆನ್ನಾಗಿತ್ತು. ಕಿಲ್ಡಾಲ್‌ಗೆ ಕಂಪೈಲರ್ ಹುಚ್ಚು ಹಿಡಿದದ್ದು ಅಲ್ಲಿ. ಅದು ವಿಯೆಟ್ನಾಂ ಯುದ್ಧದ ಕಾಲ. ಸೇನೆಗೆ ಸೇರಲೇಬೇಕಾದ ಸರದಿ ಇವರಿಗೂ ಬಂತು. ಯುದ್ಧನೌಕೆಯ ಬದಲು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅದು ಅದೃಷ್ಟವೇ ಸರಿ. ಅಲ್ಲಿಂದ ಮತ್ತೆ ಸಿಯಾಟಲ್‌ಗೆ ಹೋಗಿ 1972ರಲ್ಲಿ ಪಿಎಚ್‌.ಡಿ. ಮುಗಿಸಿದರು. ವಿಷಯ, ಕಂಪೈಲ್ ಆಗುವಾಗ ಪ್ರೋಗ್ರಾಂನ ಲೆಕ್ಕಗಳನ್ನು ಹೇಗೆ ಹಗುರ ಮಾಡಬಹುದು ಎಂಬುದು. ಮಾರನೇ ವರ್ಷ, 1973ರ ಅಕ್ಟೋಬರ್‌ನಲ್ಲಿ, ಬೋಸ್ಟನ್‌ನಲ್ಲಿ ಪೋಪಲ್ ಎಂಬ ಸಮ್ಮೇಳನದ ಮೊದಲ ಆವೃತ್ತಿ ನಡೆಯಿತು. ಪ್ರೋಗ್ರಾಮಿಂಗ್ ಭಾಷೆಗಳ ಸಂಶೋಧನೆಯಲ್ಲಿ ಇವತ್ತಿಗೂ ಅದಕ್ಕೆ ದೊಡ್ಡ ಮರ್ಯಾದೆಯಿದೆ. ಕಿಲ್ಡಾಲ್‌ರ ಹದಿಮೂರು ಪುಟಗಳು ಪ್ರಕಟವಾದದ್ದು ಅಲ್ಲೇ. ಆಗ ಅವರಿಗೆ 31 ವರ್ಷ.

ನಾವು ಬರೆದ ಕೋಡನ್ನು ಕಂಪೈಲರ್ ನೇರವಾಗಿ ಯಂತ್ರದ ಭಾಷೆಗೆ ಇಳಿಸುವುದಿಲ್ಲ. ನಡುವೆ ಅದರ ಮೇಲೆ ಹತ್ತಾರು ಸಲ ಕೈಯಾಡಿಸುತ್ತದೆ. ಹೀಗೆ ಕೈಯಾಡಿಸುವ ಒಂದೊಂದು ಸುತ್ತಿಗೆ ಪಾಸ್ ಎಂದು ಹೆಸರು. (ಸಬ್ಜೆಕ್ಟ್ ಪಾಸ್ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.) ಪಾಸ್‌ಗಳಲ್ಲಿ ಎರಡು ಜಾತಿ. ಪ್ರೋಗ್ರಾಂ ಬಗ್ಗೆ ವಿಷಯ ತಿಳಿದುಕೊಂಡು ಬರುವುದು ಅನಾಲಿಸಿಸ್ ಪಾಸ್, ಅದಕ್ಕೆ ಕೋಡ್ ಮುಟ್ಟುವ ಅಧಿಕಾರವಿಲ್ಲ. ಅದು ತಂದ ಮಾಹಿತಿ ನಂಬಿ ಕೋಡನ್ನು ನಿಜವಾಗಿ ಬದಲಿಸುವುದು ಆಪ್ಟಿಮೈಸೇಶನ್ ಪಾಸ್. ಮೊದಲನೆಯದು ಸುಳ್ಳು ಹೇಳಿದರೆ ಎರಡನೆಯದು ನಿಮ್ಮ ಪ್ರೋಗ್ರಾಮನ್ನು ಕೆಡಿಸಿಬಿಡುತ್ತದೆ. ಬ್ಯಾಂಕಿನ ಲೆಕ್ಕವೋ ಆಸ್ಪತ್ರೆಯ ಯಂತ್ರವೋ ತಪ್ಪು ಉತ್ತರ ಕೊಡುತ್ತದೆ, ಬರೆದವರ ಕೋಡಿನಲ್ಲಿ ಹುಡುಕಿದರೆ ತಪ್ಪೇ ಸಿಗುವುದಿಲ್ಲ.

ಸಾಲು ಸಾಲಾಗಿ ಕೆಳಗಿಳಿಯುವ ಕೋಡಾದರೆ ವಿಷಯ ತಿಳಿಯುವುದು ಸುಲಭ. ಕ = 3 ಎಂದಿದೆ, ಮುಂದಿನ ಸಾಲಿನಲ್ಲಿ ಖ = ಕ + 4 ಎಂದಿದೆ. ಖ ಬೆಲೆ 7 ಎಂದು ಕಂಪೈಲರ್ ಈಗಲೇ ಹಾಕಿಬಿಡಬಹುದು, ಓಡುವಾಗ ಕೂಡಿಸುವ ಕೆಲಸ ಉಳಿಯಿತು. ತೊಂದರೆ ಶುರುವಾಗುವುದು ಇಫ್ ಮತ್ತು ಲೂಪ್‌ಗಳು ಬಂದಾಗ. ಒಂದು ಸಾಲಿಗೆ ಎರಡು ಮೂರು ದಾರಿಯಿಂದ ಬರಬಹುದು, ಬಂದ ದಾರಿಗೇ ವಾಪಸ್ ಸುತ್ತಿ ಬರಬಹುದು. ಐಬಿಎಂನಲ್ಲಿ ಫ್ರಾನ್ಸಿಸ್ ಆ್ಯಲನ್ ಮತ್ತು ಜಾನ್ ಕಾಕ್ ಇಂಥ ಪ್ರೋಗ್ರಾಂಗಳ ನಕ್ಷೆ ಬರೆದು, ಅದನ್ನು ಭಾಗ ಮಾಡಿ ಅಧ್ಯಯನ ಮಾಡುವ ವಿಧಾನ ಆಗಲೇ ರೂಪಿಸಿದ್ದರು. ಕಿಲ್ಡಾಲ್ ಹೋದ ದಾರಿ ಬೇರೆ. ನಕ್ಷೆಯ ಆಕಾರ ಹೇಗಾದರೂ ಇರಲಿ, ಎಷ್ಟೇ ಗೋಜಲಾಗಿರಲಿ, ನಡೆಯುವ ವಿಧಾನ ಒಂದೇ ಎಂದರು.

ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಪ್ರೋಗ್ರಾಂನ ಪ್ರತಿ ಸಾಲು ಒಂದು ಊರು ಎಂದುಕೊಳ್ಳಿ. ಪ್ರತಿ ಊರಿನಲ್ಲೂ ಒಂದು ಚೀಟಿ, ಅದರಲ್ಲಿ ಖಚಿತವಾಗಿ ಗೊತ್ತಿರುವ ಸುದ್ದಿ ಮಾತ್ರ. ಮೊದಲ ಸಲ ಒಂದು ದಾರಿಯಿಂದ ಬಂದವರು ತಂದ ಸುದ್ದಿಯನ್ನು ಹಾಗೆಯೇ ಬರೆದುಕೊಳ್ಳಿ. ಇನ್ನೊಂದು ದಾರಿಯಿಂದ ಬಂದವರು ಬೇರೆ ಸುದ್ದಿ ಹೇಳಿದರೆ ಎರಡಕ್ಕೂ ಹೊಂದುವುದನ್ನು ಉಳಿಸಿ, ಹೊಂದದ್ದನ್ನು ಅಳಿಸಿ. ಒಂದು ದಾರಿ ಕ ಎಂದರೆ 3 ಅನ್ನುತ್ತದೆ, ಇನ್ನೊಂದು 5 ಅನ್ನುತ್ತದೆ. ಹಾಗಾದರೆ ಕ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಎಂದೇ ಲೆಕ್ಕ. ಚೀಟಿ ಬದಲಾದರೆ ಮುಂದಿನ ಊರುಗಳಿಗೆ ಮತ್ತೆ ಹೇಳಿಕಳಿಸಬೇಕು, ಅವು ತಮ್ಮ ಚೀಟಿ ತಿದ್ದಿಕೊಳ್ಳುತ್ತವೆ. ಲೂಪ್ ಇದ್ದರೆ ಸುದ್ದಿ ಸುತ್ತಿ ಸುತ್ತಿ ಬರುತ್ತದೆ. ಯಾವ ಊರಿನ ಚೀಟಿಯೂ ಬದಲಾಗದ ಹೊತ್ತಿಗೆ ಕೆಲಸ ಮುಗಿಯಿತು.

ಇದು ಎಂದಾದರೂ ಮುಗಿಯುತ್ತದೆಯೇ ಎಂಬ ಅನುಮಾನ ನನಗೂ ಬಂದಿತ್ತು. ಉತ್ತರ ಸುಲಭ: ಅಳಿಸಿದ್ದು ಮತ್ತೆ ಚೀಟಿಗೆ ಸೇರುವುದಿಲ್ಲ. ಅಳಿಸಲು ಇರುವುದೇ ಇಷ್ಟು, ಆದ್ದರಿಂದ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಇದಕ್ಕೆ ಕಿಲ್ಡಾಲ್ ಸೆಮಿಲ್ಯಾಟಿಸ್ ಎಂಬ ಗಣಿತದ ಚೌಕಟ್ಟು ಬಳಸಿ, ವಿಧಾನ ಸರಿಯೆಂದು ಸಾಧಿಸಿ ತೋರಿಸಿದರು.

ಆ ಪ್ರಬಂಧದ ನಿಜವಾದ ಜಾಣತನ ಇರುವುದು ಕೆಲಸವನ್ನು ಎರಡಾಗಿ ಒಡೆದದ್ದರಲ್ಲಿ ಎಂದು ನನಗನ್ನಿಸುತ್ತದೆ. ಊರೂರು ಸುತ್ತುವ ಯಂತ್ರ ಒಂದು ಕಡೆ. ಒಂದು ಸಾಲು ದಾಟಿದರೆ ಚೀಟಿಯಲ್ಲಿ ಏನು ಬದಲಾಗುತ್ತದೆ ಎಂದು ಹೇಳುವ ಫಂಕ್ಷನ್ ಇನ್ನೊಂದು ಕಡೆ. ಯಂತ್ರವನ್ನು ಒಮ್ಮೆ ಬರೆದರೆ ಸಾಕು. ಫಂಕ್ಷನ್‌ನಲ್ಲಿ ಬೆಲೆಗಳನ್ನು ಇಟ್ಟರೆ ಕಾನ್‌ಸ್ಟಂಟ್ ಪ್ರಾಪಗೇಶನ್. ಆಗಲೇ ಲೆಕ್ಕ ಮಾಡಿಟ್ಟ ಎಕ್ಸ್‌ಪ್ರೆಶನ್‌ಗಳನ್ನು ಇಟ್ಟರೆ ಕಾಮನ್ ಸಬ್‌ಎಕ್ಸ್‌ಪ್ರೆಶನ್ ಎಲಿಮಿನೇಶನ್. ಅದೇ ಯಂತ್ರವನ್ನು ಕೊನೆಯಿಂದ ಹಿಂದಕ್ಕೆ ಓಡಿಸಿ, ಮುಂದೆ ಯಾವುದು ಬೇಕಾಗುತ್ತದೆ ಎಂದು ಕೇಳಿದರೆ ಲೈವ್‌ನೆಸ್. ಹೊಸದೊಂದು ಬೇಕಾದರೆ ಹೊಸ ಫಂಕ್ಷನ್ ಬರೆದು ಸೇರಿಸಿ ಎಂದು ಪ್ರಬಂಧವೇ ದಾರಿ ಬಿಟ್ಟಿದೆ. ಇವತ್ತು ಎಲ್‌ಎಲ್‌ವಿಎಂ ಬಳಗದ ಎಂಎಲ್‌ಐಆರ್‌ನಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಬರೆಯಲು ಕೂತವರು ಮಾಡುವುದೂ ಅದನ್ನೇ. ಲ್ಯಾಟಿಸ್ ಯಾವುದು, ಒಂದೊಂದು ಆಪರೇಶನ್ ಅದನ್ನು ಹೇಗೆ ಬದಲಿಸುತ್ತದೆ ಎಂದು ಬರೆದುಕೊಟ್ಟರೆ, ಸುತ್ತುವ ಕೆಲಸ ಫ್ರೇಮ್‌ವರ್ಕ್‌ನದು.

ಪ್ರಬಂಧದಲ್ಲಿ ಒಂದು ಕೊರತೆಯೂ ಇತ್ತು. ಅದನ್ನು ಎತ್ತಿ ತೋರಿಸಿದವರು ಜಾನ್ ಕ್ಯಾಮ್ ಮತ್ತು ಜೆಫ್ರಿ ಉಲ್ಮನ್, 1977ರಲ್ಲಿ. ಒಂದು ದಾರಿಯಲ್ಲಿ ಕ = 2, ಖ = 3. ಇನ್ನೊಂದು ದಾರಿಯಲ್ಲಿ ಕ = 3, ಖ = 2. ದಾರಿಗಳು ಕೂಡಿದ ಮೇಲೆ ಗ = ಕ + ಖ. ಯಾವ ದಾರಿಯಿಂದ ಬಂದರೂ ಗ ಎಂದರೆ 5, ಮೂರನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ಆದರೆ ಕಿಲ್ಡಾಲ್ ವಿಧಾನಕ್ಕೆ ಇದು ಕಾಣುವುದಿಲ್ಲ. ದಾರಿಗಳು ಕೂಡುವಾಗಲೇ ಕ ಅಳಿಸಿಹೋಯಿತು, ಖ ಕೂಡ ಅಳಿಸಿಹೋಯಿತು, ಇನ್ನು ಗ ಎಲ್ಲಿಂದ ಬರಬೇಕು? ಇಂಟರ್‌ವ್ಯೂಗೆ ಹೋಗುವವರು ಈ ಉದಾಹರಣೆ ನೆನಪಿಟ್ಟುಕೊಳ್ಳಿ, ಕೇಳುತ್ತಾರೆ. ಆದರೆ ಗಮನಿಸಿ, ಇಲ್ಲಿ ತಪ್ಪು ಉತ್ತರ ಬರಲಿಲ್ಲ. ಗೊತ್ತಿದ್ದದ್ದು ಕೈತಪ್ಪಿತು, ಅಷ್ಟೇ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಆ ಚೀಟಿ ಎಂದೂ ಹೇಳುವುದಿಲ್ಲ.

ಸಂಶೋಧನೆಯಲ್ಲೇ ಉಳಿದಿದ್ದರೆ ಕಿಲ್ಡಾಲ್‌ರ ಬದುಕು ಬೇರೆಯಾಗುತ್ತಿತ್ತೋ ಏನೋ. ಆದರೆ ಆ ಹೊತ್ತಿಗಾಗಲೇ ಅವರ ಕಣ್ಣಿಗೆ ಇಂಟೆಲ್ ಕಂಪನಿಯ ಒಂದು ಜಾಹೀರಾತು ಬಿದ್ದಿತ್ತು. 25 ಡಾಲರಿಗೆ ಕಂಪ್ಯೂಟರ್ ಎಂದು ಅದರಲ್ಲಿತ್ತು. ಅದು 4004 ಎಂಬ ಚಿಪ್. ತಂದೆಯ ಹಿಡಿಕೆ ಯಂತ್ರದ ಕನಸು ನೆನಪಿತ್ತಲ್ಲ, ಅದಕ್ಕೆ ಬೇಕಾದ ತ್ರಿಕೋನಮಿತಿಯ ಪ್ರೋಗ್ರಾಂ ಬರೆಯಲು ಕೂತರು. ಮಾಂಟೆರೆಯಲ್ಲಿ ಪಾಠ ಇಲ್ಲದ ದಿನ ಇಂಟೆಲ್‌ಗೆ ಹೋಗಿ ಸಲಹೆಗಾರರಾಗಿ ಕೆಲಸ ಮಾಡಿದರು. ಆ ಚಿಪ್‌ಗಳಿಗೆ ಅಸೆಂಬ್ಲಿಯಲ್ಲಿ ಬರೆಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಕಂಪೈಲರ್ ಬಲ್ಲವರಿಗೆ ಅದು ಸಹಿಸುವ ಮಾತೇ? ಪಿಎಲ್/ಎಂ ಎಂಬ ಭಾಷೆ ಮಾಡಿದರು, ಅದಕ್ಕೆ ಕಂಪೈಲರ್ ಬರೆದರು. ಆ ಕಂಪೈಲರ್ ಓಡುತ್ತಿದ್ದದ್ದು ದೊಡ್ಡ ಯಂತ್ರದಲ್ಲಿ. ಅದನ್ನು ಮೇಜಿನ ಮೇಲಿನ ಪುಟ್ಟ ಯಂತ್ರದಲ್ಲೇ ಓಡಿಸಬೇಕು ಎಂದರೆ ಫೈಲ್ ಇಡಲು ಜಾಗ ಬೇಕು, ಅಂದರೆ ಫ್ಲಾಪಿ ಡಿಸ್ಕ್ ಬೇಕು. ಶುಗಾರ್ಟ್ ಕಂಪನಿಯಿಂದ ಸವೆದುಹೋದ ಡ್ರೈವ್ ಒಂದು ಸಿಕ್ಕಿತು. ಅದನ್ನು ಚಿಪ್‌ಗೆ ಜೋಡಿಸುವ ಸರ್ಕ್ಯೂಟ್ ಮಾಡಿಕೊಟ್ಟವರು ಗೆಳೆಯ ಜಾನ್ ಟೊರೋಡ್. ಡಿಸ್ಕ್ ನಡೆಸುವ ಪ್ರೋಗ್ರಾಂ ಕಿಲ್ಡಾಲ್‌ರದು. 1974ರಲ್ಲಿ ಅದು ಓಡಿತು. ಅದೇ ಸಿಪಿ/ಎಂ, ಪರ್ಸನಲ್ ಕಂಪ್ಯೂಟರ್‌ಗಳ ಮೊದಲ ದೊಡ್ಡ ಆಪರೇಟಿಂಗ್ ಸಿಸ್ಟಂ. ಇತಿಹಾಸದಲ್ಲಿ ಅದು ಬೇರೆಯೇ ಅಧ್ಯಾಯವಾಗಿ ಕಾಣುತ್ತದೆ, ಆದರೆ ಹುಟ್ಟಿದ್ದು ಒಂದು ಕಂಪೈಲರ್‌ಗೆ ಮನೆ ಕಟ್ಟಿಕೊಡಲು.

ಇಂಟೆಲ್‌ಗೆ ಸಿಪಿ/ಎಂ ಬೇಕಾಗಿರಲಿಲ್ಲ. ಹೆಂಡತಿ ಡೊರೊತಿ ಜೊತೆ ಸೇರಿ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಕಡಲೂರಿನಲ್ಲಿ ಸ್ವಂತ ಕಂಪನಿ ತೆರೆದರು. ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್ ಎಂಬ ತಮಾಷೆಯ ಹೆಸರು ಆಮೇಲೆ ಬರಿಯ ಡಿಜಿಟಲ್ ರಿಸರ್ಚ್ ಆಯಿತು. ಒಂದೊಂದು ಕಂಪನಿಯ ಯಂತ್ರ ಒಂದೊಂದು ಥರ ಇದ್ದ ಕಾಲವದು. ಪ್ರತಿ ಯಂತ್ರಕ್ಕೂ ಸಿಪಿ/ಎಂ ತಿದ್ದಿ ತಿದ್ದಿ ಸಾಕಾಗಿ, ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವನ್ನೆಲ್ಲ ಒಂದು ಕಡೆ ಬೇರ್ಪಡಿಸಿ ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ಉಳಿದದ್ದನ್ನು ಯಾರೂ ಮುಟ್ಟಬೇಕಾಗಿಲ್ಲ. ಬದಲಾಗುವುದನ್ನು ಬದಲಾಗದ್ದರಿಂದ ಬೇರೆ ಮಾಡುವ ಈ ಬುದ್ಧಿ 1973ರ ಪ್ರಬಂಧದಲ್ಲಿ ಕಂಡದ್ದೇ ಅಲ್ಲವೇ?

ಇನ್ನು ಆ ದಿನದ ಕಥೆ. 1980ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್‌ಗೆ ಆಪರೇಟಿಂಗ್ ಸಿಸ್ಟಂ ಹುಡುಕುತ್ತಾ ಪೆಸಿಫಿಕ್ ಗ್ರೋವ್‌ಗೆ ಬಂತು. ಮುಂದೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಇಲ್ಲಿ ಕಿಲ್ಡಾಲ್‌ರ ವಿಧಾನವನ್ನೇ ಬಳಸಿ ನೋಡೋಣ, ಎಲ್ಲ ದಾರಿಯಿಂದ ಬಂದ ಸುದ್ದಿಯಲ್ಲಿ ಹೊಂದುವುದನ್ನು ಮಾತ್ರ ಉಳಿಸೋಣ. ಅಂದು ಬೆಳಿಗ್ಗೆ ಕಿಲ್ಡಾಲ್ ಕಚೇರಿಯಲ್ಲಿ ಇರಲಿಲ್ಲ. ಡೊರೊತಿ ಐಬಿಎಂನವರನ್ನು ಮಾತಾಡಿಸಿದರು. ಗೋಪ್ಯತೆಯ ಕರಾರಿಗೆ ಕೂಡಲೇ ಸಹಿ ಹಾಕಲು ಒಪ್ಪಲಿಲ್ಲ. ವ್ಯವಹಾರ ಕುದುರಲಿಲ್ಲ. ಚೀಟಿಯಲ್ಲಿ ಉಳಿಯುವುದು ಇಷ್ಟೇ. ಮೋಜಿಗೆಂದು ವಿಮಾನ ಹಾರಿಸಲು ಹೋಗಿದ್ದರು ಎಂಬುದು ಉಳಿಯುವುದಿಲ್ಲ. ಗ್ರಾಹಕರೊಬ್ಬರನ್ನು ಕಾಣಲು ಕೆಲಸದ ಮೇಲೆ ಹೋಗಿದ್ದೆ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದು ಮಾತುಕತೆಗೆ ಕೂತೆ ಎಂದು ಕಿಲ್ಡಾಲ್ ಹೇಳುತ್ತಿದ್ದರು. ಐಬಿಎಂ ಕಡೆಯವರ ನೆನಪಿನಲ್ಲಿ ಅವರು ಬಂದೇ ಇಲ್ಲ.

ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಮೈಕ್ರೋಸಾಫ್ಟ್ ಬಳಿ ಆಗ ಆಪರೇಟಿಂಗ್ ಸಿಸ್ಟಮ್ಮೇ ಇರಲಿಲ್ಲ. ಸಿಯಾಟಲ್‌ನ ಒಂದು ಸಣ್ಣ ಕಂಪನಿ ಸಿಪಿ/ಎಂ ಮಾದರಿಯಲ್ಲೇ ಮಾಡಿದ್ದನ್ನು ಕೊಂಡು ಒಪ್ಪಿಸಿತು. ಕಿಲ್ಡಾಲ್ ಆಕ್ಷೇಪಿಸಿದ ಮೇಲೆ ಸಿಪಿ/ಎಂನ ಹೊಸ ಆವೃತ್ತಿಯನ್ನೂ ಮಾರುತ್ತೇವೆ ಎಂದು ಐಬಿಎಂ ಒಪ್ಪಿತು. ಅಂಗಡಿಗೆ ಬಂದಾಗ ಮೈಕ್ರೋಸಾಫ್ಟ್‌ನದಕ್ಕೆ 40 ಡಾಲರ್, ಸಿಪಿ/ಎಂಗೆ 240 ಡಾಲರ್. ಯಾವುದು ಖರ್ಚಾಯಿತು ಎಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದ ಆ ವರ್ಷಗಳಲ್ಲಿ ಕಿಲ್ಡಾಲ್ ಮುಳುಗಿದ್ದದ್ದು ಮತ್ತೊಂದು ಕಂಪೈಲರ್‌ನಲ್ಲಿ. ಪಿಎಲ್/ಐ ಎಂಬ ದೊಡ್ಡ ಭಾಷೆಯನ್ನು ಪುಟ್ಟ ಯಂತ್ರಕ್ಕೆ ಇಳಿಸುವ ಕೆಲಸ ಅದು. ವ್ಯಾಪಾರದ ದೃಷ್ಟಿಯಿಂದ ಅದು ಆ ಹೊತ್ತಿನ ಕೆಲಸವಾಗಿರಲಿಲ್ಲ ಎಂದು ಟೀಕಿಸುವವರಿದ್ದಾರೆ. ಸರಿಯೇ ಇರಬಹುದು. ಅವರಿಗೆ ಇಷ್ಟವಾದದ್ದು ಅದು, ಮಾಡಿದರು.

ಅವರು ಹಣಕ್ಕೆ ಬಡವರಾಗಲಿಲ್ಲ ಎಂಬುದನ್ನೂ ಹೇಳಬೇಕು. ಸ್ವಂತ ವಿಮಾನ, ದುಬಾರಿ ಕಾರುಗಳು ಎಲ್ಲ ಇದ್ದವು. 1983ರಿಂದ ಕೆಲವು ವರ್ಷ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿ.ವಿ. ಕಾರ್ಯಕ್ರಮ ನಡೆಸಿಕೊಟ್ಟರು. ಅದರ ಕಂತುಗಳು ಈಗಲೂ ನೋಡಲು ಸಿಗುತ್ತವೆ, ಮೆಲುದನಿಯಲ್ಲಿ ಮೇಷ್ಟ್ರ ಹಾಗೆ ಮಾತಾಡುತ್ತಾರೆ. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿ-ರಾಮ್‌ಗೆ ತಂದಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಕಂಪನಿಯ ಪಾಲಾಯಿತು. ಆದರೆ ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅಂದು ನಿಜವಾಗಿ ವಿಮಾನ ಹಾರಿಸಲು ಹೋಗಿದ್ದಿರಾ? ಹೋಲಿಕೆ ಒಬ್ಬರೊಂದಿಗೇ, ಬಿಲ್ ಗೇಟ್ಸ್. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ 25ನೇ ವರ್ಷದ ಸಮಾರಂಭಕ್ಕೆ ಹೆಮ್ಮೆಯ ಹಳೆಯ ವಿದ್ಯಾರ್ಥಿ ಎಂದು ಇವರಿಗೆ ಆಹ್ವಾನ ಬಂತು. ಮುಖ್ಯ ಭಾಷಣ ಮಾತ್ರ ಅಲ್ಲಿ ಓದದ, ಹಾರ್ವರ್ಡ್ ಅರ್ಧಕ್ಕೆ ಬಿಟ್ಟ ಗೇಟ್ಸ್ ಅವರದು. ಕಿಲ್ಡಾಲ್‌ಗೆ ಅದು ಬಹಳ ನೋವು ಕೊಟ್ಟಿತು. ಆ ಸಿಟ್ಟಿನಲ್ಲೇ ತಮ್ಮ ನೆನಪುಗಳನ್ನು ಬರೆಯಲು ಶುರು ಮಾಡಿದರು. ಪಿಎಚ್‌.ಡಿ. ಕೊಟ್ಟ ಮನೆಯಲ್ಲೇ ತಮ್ಮನ್ನು ಸೋತವರ ಸಾಲಿನಲ್ಲಿ ಕೂರಿಸಿದರು ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ.

ಕುಡಿತ ಹೆಚ್ಚಾಯಿತು. ಡೊರೊತಿಯೊಂದಿಗಿನ ಮದುವೆ ಮೊದಲೇ ಮುರಿದಿತ್ತು, ಎರಡನೆಯದೂ ಉಳಿಯಲಿಲ್ಲ. 1994ರ ಜುಲೈ 8ರಂದು ಮಾಂಟೆರೆಯ ಒಂದು ಬಾರ್‌ನಲ್ಲಿ ತಲೆಗೆ ಪೆಟ್ಟಾಯಿತು. ಮೂರು ದಿನದ ಮೇಲೆ ತೀರಿಕೊಂಡರು. 52 ವರ್ಷ ವಯಸ್ಸು. ಬರೆದಿಟ್ಟಿದ್ದ ನೆನಪುಗಳು ಅಚ್ಚಾಗಿರಲಿಲ್ಲ. ಮಕ್ಕಳ ಒಪ್ಪಿಗೆಯೊಂದಿಗೆ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದರ ಮೊದಲ ಭಾಗವನ್ನು 2016ರಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿತು.

ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂದಲ್ಲಿ, ಡಿಜಿಟಲ್ ರಿಸರ್ಚ್ ಇದ್ದ ಕಟ್ಟಡದ ಎದುರು, 2014ರಲ್ಲಿ ಐಇಇಇ ಸಂಸ್ಥೆ ಕಂಚಿನ ಫಲಕವೊಂದನ್ನು ಹಾಕಿದೆ. ಸಿಪಿ/ಎಂ, ಬಯಾಸ್ ಎರಡೂ ಅದರಲ್ಲಿವೆ. ಕಂಪೈಲರ್ ವಿಷಯ ಒಂದು ಮಾತೂ ಇಲ್ಲ. ಅದಿರುವುದು ಗೇಟ್ ಸಿಲೆಬಸ್ಸಿನ ಆ ಕೊನೆಯ ಸಾಲಿನಲ್ಲಿ, ಅವರ ಹೆಸರಿಲ್ಲದೆ.